ಶ್ರುತಿ ಮೂರು ಮನೆ ಇಳಿಸಿ ಹಾಡಲಿ ಬಿಡಿ: ಬಾನ್ ಜೋವಿ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ

ಅಭಿಮಾನಿ ಗೆಳೆಯ ಗೆಳತಿಯರೇ,

ಅಮೆರಿಕದ ರಾಕ್ ಬ್ಯಾಂಡ್ ಬಾನ್ ಜೋವಿಯ ಗಾಯಕ ಜಾನ್ ಬಾನ್ ಜೋವಿಯನ್ನು ಹೊಗಳುವವರಿಗೂ ಬೈಯುವವರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆಯಬಹುದಿತ್ತು. ಆದರೆ ನಾನೇ ಎರಡೂ ಕಡೆ ಒಂದೊಂದು ಕಾಲು ಇಟ್ಟುಕೊಂಡು ನಿಂತವನು. ಬೆಳಿಗ್ಗೆ ‘ಪಾಪ, ಎಷ್ಟು ಕಷ್ಟಪಟ್ಟು ವಾಪಸ್ ಬಂದಿದ್ದಾರೆ’ ಎನ್ನುತ್ತೇನೆ. ರಾತ್ರಿ ಹಳೆಯ ಆಲ್ಬಂ ಕೇಳಿದ ಮೇಲೆ ‘ಯಾಕಾದರೂ ಬಂದರೋ’ ಎನ್ನುತ್ತೇನೆ.

ಗಂಟಲಿನ ಆಪರೇಷನ್ ಆಗಿದ್ದ ಜಾನ್ ಬಾನ್ ಜೋವಿ ಮತ್ತೆ ಪ್ರವಾಸ ಹೊರಡುವ ಸುದ್ದಿ 2025ರ ಅಕ್ಟೋಬರ್‌ನಲ್ಲಿ ಬಂತು. 2026ರ ಜುಲೈನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಆಮೇಲೆ ಎಡಿನ್‌ಬರೊ, ಡಬ್ಲಿನ್, ಲಂಡನ್. ನಾವು ನಾಲ್ಕು ವರ್ಷ ಕಾದಿದ್ದೆವು. ಖುಷಿಪಡಬೇಕಿತ್ತು. ಸುದ್ದಿ ಬಂದ ಗಂಟೆಯೊಳಗೆ ಜಗಳ ಶುರುವಾಯಿತು. ಒಬ್ಬರು ‘ಗಂಟಲು ಮುಗಿದಿದೆ, ಮರ್ಯಾದೆಯಾಗಿ ಮನೆಯಲ್ಲಿರಲಿ’ ಎಂದರು. ಇನ್ನೊಬ್ಬರು ‘ಮೊದಲಿನ ಹಾಗೇ ಹಾಡುತ್ತಾರೆ, ನಿಮ್ಮ ಕಿವಿಯೇ ಸರಿಯಿಲ್ಲ’ ಎಂದರು. ಮೊದಲನೆಯದು ಕ್ರೂರ ಮಾತು, ಎರಡನೆಯದು ಸುಳ್ಳು. ನನಗೆ ಜಾಸ್ತಿ ಭಯ ಆ ಸುಳ್ಳಿನದೇ. ಯಾಕೆ ಎಂದು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನನ್ನ ಗೆಳೆಯನ ವಿಷಯ. ನಾವಿಬ್ಬರೂ ಶಾಲೆಯಿಂದ ಜೊತೆ. 1986ರ ‘ಸ್ಲಿಪ್ಪರಿ ವೆನ್ ವೆಟ್’ ಕ್ಯಾಸೆಟ್ ಅವನದು, ಪೆನ್ಸಿಲ್ ನನ್ನದು. ಟೇಪು ಸಡಿಲವಾದಾಗ ಪೆನ್ಸಿಲ್ ತೂರಿಸಿ ಸುತ್ತುವ ಕೆಲಸ ಯಾವಾಗಲೂ ನನಗೇ ಬರುತ್ತಿತ್ತು. 2022ರ ಏಪ್ರಿಲ್‌ನಲ್ಲಿ ಬ್ಯಾಂಡು ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದಾಗ, ಯಾರೋ ಫೋನಿನಲ್ಲಿ ಹಿಡಿದ ಒಂದು ತುಣುಕನ್ನು ಇಬ್ಬರೂ ಕೂತು ನೋಡಿದೆವು. ಚಿತ್ರ ನಡುಗುತ್ತಿತ್ತು, ದನಿಯೂ ನಡುಗುತ್ತಿತ್ತು. ಮೊದಲ ಸಾಲುಗಳು ಹೇಗೋ ದಾಟಿದವು. ಪಲ್ಲವಿ ಬಂದಾಗ ಜಾನ್ ಸ್ವರದ ಹತ್ತಿರ ಹೋಗುವುದು, ಸಿಗದೆ ಹಿಂದೆ ಬರುವುದು, ಮತ್ತೆ ಹೋಗುವುದು. ಬೇರೆ ಯಾವುದೋ ಬೀಗದ ಕೈ ಹಾಕಿ ತಿರುಗಿಸಿದ ಹಾಗೆ. ಗೆಳೆಯ ಫೋನ್ ಕಿತ್ತುಕೊಂಡು ಆರಿಸಿದ. ‘ಇದನ್ನ ನಾವು ನೋಡಬಾರದು ಕಣೋ’ ಅಂದ. ಬೇರೆಯವರ ಮನೆಯ ಮಾತನ್ನು ಬಾಗಿಲ ಹಿಂದೆ ನಿಂತು ಕೇಳಿದಷ್ಟು ನಾಚಿಕೆಯಾಯಿತು.

ಅವನು ಈಗಲೂ ‘ನಿಲ್ಲಿಸಲಿ’ ಗುಂಪಿನವನು. ದ್ವೇಷದಿಂದಲ್ಲ. ‘ನನ್ನ ನೆನಪು ಹಾಳಾಗುತ್ತೆ’ ಎನ್ನುತ್ತಾನೆ. ಹಳೆಯ ರೆಕಾರ್ಡು ಎಲ್ಲೂ ಹೋಗಲ್ಲ, ಅದು ಹಾಗೇ ಇರುತ್ತದೆ ಎಂದು ನಾನು ವಾದ ಮಾಡುತ್ತಿದ್ದೆ. ಆದರೆ ಆ ತುಣುಕು ನೋಡಿದ ವಾರವೇ ಹಳೆಯ ಹಾಡು ಹಾಕಿದೆ. ಪಲ್ಲವಿ ಹತ್ತಿರ ಬಂದಾಗ ನನ್ನ ಮೈ ತಾನಾಗಿ ಬಿಗಿಯಿತು. ಇಪ್ಪತ್ನಾಲ್ಕರ ಹುಡುಗ ಲೀಲಾಜಾಲವಾಗಿ ಏರುವ ಜಾಗದಲ್ಲಿ ಅರವತ್ತರ ಗಂಟಲು ಎಡವಿದ್ದೇ ಕೇಳಿಸಿತು. ಗೆಳೆಯನ ಮಾತು ಪೂರ್ತಿ ತಪ್ಪಲ್ಲ ಎಂದು ಆವತ್ತು ಒಪ್ಪಿಕೊಂಡೆ, ಮನಸ್ಸಿನಲ್ಲಿ ಮಾತ್ರ. ಅವನಿಗೆ ಹೇಳಿಲ್ಲ.

ಇನ್ನೊಂದು ಗುಂಪಿಗೆ ನನ್ನ ಅಕ್ಕ ನಾಯಕಿ. ಅವಳಿಗೆ ಜಾನ್ ಬಂದು ನಿಂತರೆ ಸಾಕು. ಎರಡು ವರ್ಷದ ಹಿಂದೆ ಅವಳಿಗೆ ಮೊಣಕಾಲಿನ ಆಪರೇಷನ್ ಆಯಿತು. ಮೊದಲ ಸಲ ಮೆಟ್ಟಿಲು ಹತ್ತಿದಾಗ ಮನೆಯವರೆಲ್ಲ ಚಪ್ಪಾಳೆ ತಟ್ಟಿದ್ದೆವು. ‘ಆವತ್ತು ನಾನು ಓಡಲಿಲ್ಲ ಅಂತ ಯಾರಾದ್ರೂ ಬೈದ್ರೇನೋ?’ ಎಂದು ಕೇಳುತ್ತಾಳೆ. ಇದಕ್ಕೆ ಉತ್ತರ ಇದೆ. ಅವಳು ಮೆಟ್ಟಿಲು ಹತ್ತುವುದನ್ನು ನೋಡಲು ಯಾರೂ ಟಿಕೆಟ್ ತಗೊಂಡಿರಲಿಲ್ಲ. ಆದರೆ ಅಕ್ಕನಿಗೆ ಇದನ್ನು ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಏಪ್ರಿಲ್‌ನಲ್ಲಿ ಗಂಟಲೊಳಗೆ ಏನಾಗಿತ್ತು ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಎಲ್ಲರ ಗಂಟಲಲ್ಲೂ ಧ್ವನಿತಂತುಗಳು ಎರಡು. ತಂತು ಎನ್ನುವುದು ಹೆಸರಿಗೆ, ನಿಜಕ್ಕೂ ಅವು ಮಾಂಸದ ಎರಡು ಮಡಿಕೆ. ಕೆಳಗಿನಿಂದ ಉಸಿರು ತಳ್ಳಿದಾಗ ಅವು ತೆರೆದು ಮುಚ್ಚಿ, ತೆರೆದು ಮುಚ್ಚಿ ದನಿ ಹುಟ್ಟುತ್ತದೆ. ವಾದ್ಯಗಳನ್ನು ಶ್ರುತಿ ಮಾಡಲು ಹಿಡಿಯುವ ‘ಎ’ ಸ್ವರ ಇದೆಯಲ್ಲ, ಅದನ್ನು ಗಂಟಲಲ್ಲಿ ಹಿಡಿದರೆ ಆ ಮಡಿಕೆಗಳು ಸೆಕೆಂಡಿಗೆ 440 ಸಲ ಒಂದಕ್ಕೊಂದು ತಾಗಬೇಕು. ನಾಲ್ಕು ಸೆಕೆಂಡು ಎಳೆದರೆ 1,760 ಸಲ. ಗಂಡಸಿಗೆ ಅದು ಎತ್ತರದ ಸ್ವರ. ಎಂಬತ್ತರ ದಶಕದ ರಾಕ್ ಹಾಡುಗಾರರಿಗೆ ಅದು ದಿನಗೂಲಿ.

ಜಾನ್ ಅವರ ಎರಡರಲ್ಲಿ ಒಂದು ತಂತು ಸೊರಗುತ್ತಾ ಬಂದಿತ್ತು. ಹಾಗಾದಾಗ ಎರಡರ ನಡುವೆ ಸಂದಿ ಉಳಿದು ಗಾಳಿ ಸೋರುತ್ತದೆ. ದನಿ ಸಾಲದು ಎಂದು ಹಾಡುಗಾರ ಇನ್ನಷ್ಟು ತಳ್ಳುತ್ತಾನೆ. ತಳ್ಳಿದಷ್ಟೂ ಗಂಟಲು ಹಿಡಿಯುತ್ತದೆ, ಶ್ರುತಿ ಜಾರುತ್ತದೆ. ‘ಅಭ್ಯಾಸ ಬಿಟ್ಟಿದ್ದಾರೆ’, ‘ಸೋಮಾರಿತನ’ ಎಂದೆಲ್ಲ ನಾವು ಬೈದೆವಲ್ಲ, ಆ ಮನುಷ್ಯ ಆಗ ಬೇಕಾದದ್ದಕ್ಕಿಂತ ಜಾಸ್ತಿ ದುಡಿಯುತ್ತಿದ್ದರು. ಅದೇ ತೊಂದರೆಯಾಗಿತ್ತು.

2022ರ ಜೂನ್‌ನಲ್ಲಿ ಆಪರೇಷನ್ ಆಯಿತು. ಸೊರಗಿದ ತಂತುವಿನ ಪಕ್ಕಕ್ಕೆ ಒಂದು ಚಿಕ್ಕ ತುಂಡು ಕೂರಿಸಿ, ಅದನ್ನು ನಡುವಿನ ಕಡೆ ಒತ್ತಿ, ಇನ್ನೊಂದು ತಂತುವಿಗೆ ಸಿಗುವ ಹಾಗೆ ಮಾಡುವುದು. ಬಾಗಿಲು ಸರಿಯಾಗಿ ಮುಚ್ಚದಿದ್ದಾಗ ಚೌಕಟ್ಟಿಗೆ ಒಂದು ಪಟ್ಟಿ ಹೊಡೆಯುತ್ತಾರಲ್ಲ, ಅಂಥದೇ ಉಪಾಯ. ಜಪಾನಿನ ವೈದ್ಯ ಇಶಿಕಿ 1970ರ ದಶಕದಲ್ಲಿ ಈ ದಾರಿ ತೋರಿಸಿದರು. ಮಾತು ಹೋದವರಿಗೆ ಮಾತು ವಾಪಸ್ ಕೊಡಲು ಇದನ್ನು ಮಾಡುತ್ತಾರೆ. ಮಾತಾಡುವುದಕ್ಕೆ ಅದು ಸಾಕು. ಸ್ಟೇಡಿಯಂ ತುಂಬ ಜನರ ಮುಂದೆ ಎರಡೂವರೆ ಗಂಟೆ ಹಾಡುವ ದನಿಯನ್ನು ಅದರಿಂದ ಕೇಳುವುದು ಬೇರೆಯೇ ಮಾತು. ಹೋಲಿಕೆಗೆ ಒಂದು ನೆನಪು: 1997ರಲ್ಲಿ ಗಂಟಲಿನ ಆಪರೇಷನ್ ಮಾಡಿಸಿಕೊಂಡ ನಟಿ, ಗಾಯಕಿ ಜೂಲಿ ಆಂಡ್ರ್ಯೂಸ್‌ಗೆ ಆ ಹಳೆಯ ಹಾಡುದನಿ ಮರಳಲೇ ಇಲ್ಲ.

ಇದೆಲ್ಲದರ ಮೇಲೆ ವಯಸ್ಸು ಬೇರೆ. ವಯಸ್ಸಾದ ಹಾಗೆ ತಂತುಗಳ ಮಾಂಸ ತೆಳುವಾಗುತ್ತದೆ, ಪುಟಿಯುವ ಗುಣ ಕಡಿಮೆಯಾಗುತ್ತದೆ. ತಮಾಷೆ ಏನೆಂದರೆ ಗಂಡಸರ ಮಾತಿನ ದನಿ ಮುಪ್ಪಿನಲ್ಲಿ ಸ್ವಲ್ಪ ಮೇಲಕ್ಕೇರುತ್ತದೆ, ಹೆಂಗಸರದು ಕೆಳಗಿಳಿಯುತ್ತದೆ. ಹಾಡಿನ ಎತ್ತರದ ಸ್ವರ ಮಾತ್ರ ಇಬ್ಬರಿಗೂ ಕೈಕೊಡುತ್ತದೆ.

ಈಗ ಈ ಪತ್ರದ ಮುಖ್ಯ ಘಟನೆಗೆ ಬರುತ್ತೇನೆ. 2022ರ ಪ್ರವಾಸದ ಕೊನೆಯ ಕಾರ್ಯಕ್ರಮ ಏಪ್ರಿಲ್ 30ರಂದು ನ್ಯಾಶ್‌ವಿಲ್‌ನಲ್ಲಿ ನಡೆಯಿತು. ಈವತ್ತು ಪರವಾಗಿಲ್ಲ, ಚೆನ್ನಾಗಿ ಹಾಡಿದೆ ಎಂಬ ಸಮಾಧಾನದಲ್ಲಿ ಜಾನ್ ವೇದಿಕೆ ಇಳಿದು ಬಂದರು. ಹೆಂಡತಿ ಡೊರೊತಿಯಾ ಮಾತ್ರ ಅದು ಚೆನ್ನಾಗಿರಲಿಲ್ಲ ಎಂದು ನೇರವಾಗಿ ಹೇಳಿದರಂತೆ. ಇದನ್ನು ಜಾನ್ ಅವರೇ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಎರಡು ತಿಂಗಳೊಳಗೆ ಅವರು ಆಪರೇಷನ್ ಟೇಬಲ್ ಮೇಲಿದ್ದರು.

ಇದನ್ನು ಒಂದು ಸಲ ಯೋಚನೆ ಮಾಡಿ ನೋಡಿ. ಇಬ್ಬರೂ ಶಾಲೆಯ ದಿನಗಳ ಜೊತೆಗಾರರು. ಮದುವೆಯಾದದ್ದು 1989ರಲ್ಲಿ. ಆವತ್ತು ಆ ಕಟ್ಟಡದಲ್ಲಿ ಸಾವಿರಾರು ಜನ ಇದ್ದರು, ಎಲ್ಲರೂ ಕೂಗಿ ಚಪ್ಪಾಳೆ ತಟ್ಟಿದ್ದರು. ನಿಜ ಹೇಳಿದ್ದು ಒಬ್ಬರು. ಅವರು ‘ಗುಡುಗಿಬಿಟ್ಟೆ’ ಎಂದು ಹೇಳಿ ಮಲಗಿಸಿದ್ದರೆ ಇನ್ನೂ ಒಂದು ವರ್ಷ ಅದೇ ಗಂಟಲನ್ನು ತಳ್ಳುತ್ತಾ ಹೋಗುತ್ತಿದ್ದರೋ ಏನೋ. ನಾವು ಅಭಿಮಾನಿಗಳು ಚಪ್ಪಾಳೆ ತಟ್ಟಿದ್ದು ಪ್ರೀತಿಯಿಂದಲೇ. ಅಂಥ ಪ್ರೀತಿಯಿಂದ ಆ ಗಂಟಲಿಗೆ ಆದ ಉಪಕಾರ ಏನು?

ಹಾಗಂತ ಬೈದವರು ಎದೆಯುಬ್ಬಿಸಬೇಕಿಲ್ಲ. ಡೊರೊತಿಯಾ ಹೇಳಿದ್ದು ಮನೆಯವರಾಗಿ, ಮುಂದೇನು ಎಂಬ ಯೋಚನೆಯಿಂದ. ನಮ್ಮಲ್ಲಿ ಕೆಲವರು ಆ ತುಣುಕುಗಳಿಗೆ ಕೋಳಿ ಕೂಗಿನ ಸದ್ದು ಸೇರಿಸಿ ಹಂಚಿದರು. ಎರಡನ್ನೂ ‘ಸತ್ಯ ಹೇಳಿದೆವು’ ಎಂಬ ಒಂದೇ ಚೀಲಕ್ಕೆ ತುಂಬಬೇಡಿ.

ಇನ್ನು ಆ ಹಾಡಿನ ವಿಷಯ. ಯಾವುದು ಅಂತ ನಿಮಗೆ ಗೊತ್ತು. ‘ಲಿವಿಂಗ್ ಆನ್ ಎ ಪ್ರೇಯರ್’ ಬಂದಾಗ ಜಾನ್‌ಗೆ 24 ವರ್ಷ. ಅದರ ಕೊನೆಯ ಪಲ್ಲವಿಯಲ್ಲಿ ಇಡೀ ಹಾಡು ಒಮ್ಮೆಲೇ ಮೇಲಕ್ಕೆ ಹಾರುತ್ತದೆ. ಕೀಬೋರ್ಡಿನಲ್ಲಿ ಎಣಿಸಿ ನೋಡಿ, ಕರಿ ಬಿಳಿ ಸೇರಿ ಮೂರು ಮನೆ. ಅಲ್ಲಿಯವರೆಗೆ ಹೇಗೋ ಗುನುಗುತ್ತಾ ಬಂದವನ ಗಂಟಲೂ ಅಲ್ಲಿ ಕಟ್ಟುತ್ತದೆ. ಸ್ಟುಡಿಯೊದಲ್ಲಿ ಅಂಥ ಜಾಗವನ್ನು ನಾಲ್ಕು ಸಲ ಹಾಡಿ ಒಂದನ್ನು ಆರಿಸಬಹುದು. ವೇದಿಕೆಯಲ್ಲಿ ಒಂದೇ ಅವಕಾಶ, ಅದೂ ಎರಡು ಗಂಟೆ ಹಾಡಿ ದಣಿದ ಮೇಲೆ. ಇಪ್ಪತ್ನಾಲ್ಕರ ಹುಡುಗ ಖುಷಿಯಲ್ಲಿ ಮಾಡಿದ ಸಾಲ ಅದು. ಅರವತ್ನಾಲ್ಕರ ಮನುಷ್ಯ ಇನ್ನೂ ಕಂತು ಕಟ್ಟುತ್ತಿದ್ದಾರೆ. ಆಮೇಲೆ ಬಂದ ‘ನ್ಯೂ ಜೆರ್ಸಿ’ ಆಲ್ಬಂನ ಪ್ರವಾಸ ಒಂದರಲ್ಲೇ 200ಕ್ಕೂ ಹೆಚ್ಚು ಕಾರ್ಯಕ್ರಮ ಮಾಡಿದರು. ಅಸಲಿಗಿಂತ ಬಡ್ಡಿಯೇ ಜಾಸ್ತಿ ಕಟ್ಟಿದ್ದಾರೆ ಎನ್ನಬೇಕು.

ಇಲ್ಲೊಂದು ವಿಷಯವನ್ನು ನಾವೆಲ್ಲ ಮರೆತಿದ್ದೇವೆ. ‘ಜಾನ್‌ನ ಹಳೆಯ ದನಿ’ ಎಂದು ನಾವು ನೆನಪಿಟ್ಟುಕೊಂಡಿರುವುದು ಪೂರ್ತಿ ಜಾನ್‌ನ ದನಿಯೂ ಅಲ್ಲ. ಪಲ್ಲವಿಗಳಲ್ಲಿ ಮೇಲಿನ ಹೊಳಪು ಬಹಳ ಮಟ್ಟಿಗೆ ಗಿಟಾರ್ ವಾದಕ ರಿಚಿ ಸಾಂಬೋರಾ ಅವರ ಜೊತೆದನಿ. ಅವರು 2013ರಲ್ಲಿ ಪ್ರವಾಸದ ನಡುವೆಯೇ ಹೊರಟರು. 2018ರಲ್ಲಿ ಬ್ಯಾಂಡಿಗೆ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕ ರಾತ್ರಿ ಒಮ್ಮೆ ಜೊತೆಗೆ ನುಡಿಸಿದರು. ಸಾಂಬೋರಾ ಇಲ್ಲದ ಬಾನ್ ಜೋವಿ ಬಾನ್ ಜೋವಿಯೇ ಅಲ್ಲ ಎನ್ನುವ ಮೂರನೆಯ ಗುಂಪೊಂದು ನಮ್ಮಲ್ಲಿದೆ. ಅವರ ಹಟ ನನಗೆ ಒಪ್ಪಿಗೆಯಿಲ್ಲ, ಆದರೆ ಅವರ ಕಿವಿ ಚುರುಕಾಗಿದೆ. ಇಬ್ಬರು ಸೇರಿ ಎತ್ತುತ್ತಿದ್ದ ಮಂಚವನ್ನು ಒಬ್ಬರೇ ಎತ್ತುವಾಗ ಸೊಂಟ ಬಾಗಿತು. ನಾವು ಸೊಂಟವನ್ನು ಮಾತ್ರ ಬೈದೆವು.

ಈಗ ನನ್ನ ಬೇಡಿಕೆ. ಶ್ರುತಿ ಇಳಿಸಿ ಹಾಡಲಿ. ಎರಡು ಮನೆ, ಮೂರು ಮನೆ, ಬೇಕಾದರೆ ನಾಲ್ಕು ಮನೆ. ಕೊನೆಯ ಪಲ್ಲವಿಯ ಹಾರುವಿಕೆ ಬೇಡವೇ ಬೇಡ, ಹಾಗೇ ಸಮತಟ್ಟಾಗಿ ಮುಗಿಸಲಿ. ಆದರೆ ಟ್ರ್ಯಾಕ್ ಹಾಕಿ ಬಾಯಿ ಆಡಿಸುವುದು ಬೇಡ.

ಈ ಟ್ರ್ಯಾಕ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲೇ ರೆಕಾರ್ಡ್ ಮಾಡಿದ ದನಿಯನ್ನು ಕಾರ್ಯಕ್ರಮದಲ್ಲಿ ಬಿಡುವುದು ದೊಡ್ಡ ಬ್ಯಾಂಡುಗಳಿಗೆ ಕಷ್ಟದ ಕೆಲಸವೇನಲ್ಲ. ಡ್ರಮ್ ನುಡಿಸುವವರ ಕಿವಿಗೆ ಟಿಕ್ ಟಿಕ್ ಎಂಬ ಲೆಕ್ಕ ಹೋಗುತ್ತಿರುತ್ತದೆ. ಎಲ್ಲರೂ ಅದಕ್ಕೆ ಹೊಂದಿ ನುಡಿಸುತ್ತಾರೆ. ದನಿ ಎಡವುವ ಜಾಗದಲ್ಲಿ ರೆಕಾರ್ಡು ಮೆಲ್ಲಗೆ ಮುಂದೆ ಬರುತ್ತದೆ. ಮೊದಮೊದಲು ಪಲ್ಲವಿಯ ಜೊತೆದನಿಗೆ ಮಾತ್ರ, ಆಮೇಲೆ ಎತ್ತರದ ಸ್ವರಕ್ಕೆ, ಆಮೇಲೆ ಪೂರ್ತಿ ಹಾಡಿಗೆ. ಕೊನೆಗೆ ಗಾಯಕ ತನ್ನದೇ ಹಳೆಯ ದನಿಗೆ ನಟನೆ ಮಾಡುವವನಾಗುತ್ತಾನೆ. ಜಾನ್ ಹೀಗೆ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. 2022ರಲ್ಲಿ ನಾವು ಕೇಳಿದ ಆ ಒಡಕು ದನಿಯೇ ಸಾಕ್ಷಿ. ಟ್ರ್ಯಾಕ್ ಹಾಕಿದ್ದರೆ ಅಷ್ಟು ಕೆಟ್ಟದಾಗಿ ಕೇಳಿಸುತ್ತಲೇ ಇರಲಿಲ್ಲ! ಆ ಮನುಷ್ಯ ಮುಚ್ಚಿಕೊಳ್ಳದೆ ಸೋತರು. ನಾನು ಅವರನ್ನು ಬಿಟ್ಟುಹೋಗದೆ ಇರಲು ಅದೂ ಒಂದು ಕಾರಣ.

ಆದರೆ ನಾವು ಅವರನ್ನು ಆ ದಾರಿಗೇ ದೂಡುತ್ತಿದ್ದೇವೆ. ‘ಮೊದಲಿನ ಹಾಗೇ ಹಾಡುತ್ತಾರೆ’ ಎಂಬ ಸುಳ್ಳಿಗೆ ನಾನು ಹೆದರುವುದು ಇದಕ್ಕೇ. ಮೊದಲಿನ ಹಾಗೇ ಎಂದು ನಾವು ಸಾರಿದಷ್ಟೂ ಮೊದಲಿನ ಹಾಗೇ ಇರಬೇಕಾದ ಒತ್ತಡ ಅವರ ತಲೆ ಮೇಲೆ. ಆ ಕಡೆಯಿಂದ ‘ಮೊದಲಿನ ಹಾಗಿಲ್ಲದಿದ್ದರೆ ಮನೆಗೆ ಹೋಗು’ ಎಂಬ ಗುಂಪು. ಎರಡೂ ಗುಂಪು ಕೇಳುತ್ತಿರುವುದು 1986ರ ದನಿಯನ್ನೇ ಅಲ್ವಾ? ಅದನ್ನು ಕೊಡಬಲ್ಲದ್ದು ಯಂತ್ರ ಒಂದೇ.

ಶ್ರುತಿ ಇಳಿಸಿದರೆ ಹಾಡಿನ ಜೀವ ಹೋಗುತ್ತದೆ ಎನ್ನುವವರಿಗೆ ಒಂದೆರಡು ನೆನಪು. 1987ರಲ್ಲಿ ಬ್ರಿಟನ್ನಿನ ಗಾಯಕ ಎಲ್ಟನ್ ಜಾನ್‌ಗೆ ಗಂಟಲಿನ ಆಪರೇಷನ್ ಆಯಿತು. ಎಪ್ಪತ್ತರ ದಶಕದಲ್ಲಿ ಗಾಳಿಪಟದಂತೆ ಏರುತ್ತಿದ್ದ ಆ ತೆಳುದನಿ ಹೋಯಿತು. ದಪ್ಪ, ಭಾರದ ದನಿ ಬಂತು. ಅದೇ ದನಿಯಲ್ಲಿ ಅವರು 2023ರ ಜುಲೈವರೆಗೆ, ಸ್ಟಾಕ್‌ಹೋಮ್‌ನ ವಿದಾಯದ ರಾತ್ರಿಯವರೆಗೆ, ದೊಡ್ಡ ದೊಡ್ಡ ಪ್ರವಾಸ ಮಾಡಿದರು. 2007ರ ಡಿಸೆಂಬರ್ 10ರಂದು ಲಂಡನ್ನಿನಲ್ಲಿ ಹಳೆಯ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್ ಒಂದು ರಾತ್ರಿಗಾಗಿ ಸೇರಿದಾಗಲೂ ಹಲವು ಹಾಡುಗಳ ಶ್ರುತಿ ಇಳಿಸಿದ್ದರು. ಅದರ ಗಾಯಕ ರಾಬರ್ಟ್ ಪ್ಲಾಂಟ್ ಆಗ 59ರವರು. ಮತ್ತೆ ಮತ್ತೆ ಸೇರಿ ಎಂದು ಲೋಕವೇ ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಗಾಯಕಿ ಅಲಿಸನ್ ಕ್ರಾಸ್ ಜೊತೆ ಪಿಸುದನಿಯಲ್ಲಿ ಹಾಡಿದ ಆಲ್ಬಂಗೆ 2009ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಬಂತು. ಕಿರುಚದೆಯೂ ಅವರು ಅವರೇ ಆಗಿದ್ದರು.

ಗಾಯಕಿ ಜೋನಿ ಮಿಚೆಲ್ ಮಾತು ಇನ್ನೂ ದೊಡ್ಡದು. 1969ರಲ್ಲಿ ಹಕ್ಕಿದನಿಯಲ್ಲಿ ಹಾಡಿದ್ದ ತಮ್ಮದೇ ‘ಬೋತ್ ಸೈಡ್ಸ್ ನೌ’ ಹಾಡನ್ನು 2000ದಲ್ಲಿ ಆಳದ, ಹೊಗೆ ಹಿಡಿದ ದನಿಯಲ್ಲಿ ಮತ್ತೆ ಹಾಡಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಬದುಕಿನ ಎರಡೂ ಬದಿ ನೋಡಿದೆ ಎಂದು ಇಪ್ಪತ್ತರ ಹರೆಯದ ಹುಡುಗಿ ಹೇಳಿದರೆ ಸುಮ್ನೆ ತಲೆಯಾಡಿಸುತ್ತೇವೆ. ಐವತ್ತು ದಾಟಿದ ಹೆಂಗಸು ಅದನ್ನೇ ಹೇಳಿದಾಗ ಕೂತುಕೊಂಡು ಕೇಳುತ್ತೇವೆ. 2015ರಲ್ಲಿ ಮೆದುಳಿನ ರಕ್ತನಾಳದ ತೊಂದರೆಯಾಗಿ ಅವರು ಹಾಸಿಗೆ ಹಿಡಿದರು. 2022ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಕುರ್ಚಿಯಲ್ಲಿ ಕೂತು ಮತ್ತೆ ಹಾಡಿದರು. ಅವರು ರಾಕ್ ಗಾಯಕಿಯೇ ಎಂದು ತಕರಾರು ತೆಗೆಯಬೇಡಿ, ಆ ಜಗಳ ಇನ್ನೊಂದು ದಿನಕ್ಕಿರಲಿ.

ಇನ್ನೊಂದು ಕುರ್ಚಿಯನ್ನು ನಾವೆಲ್ಲ ನೋಡಿದ್ದೇವೆ. 2025ರ ಜುಲೈ 5, ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್. ಹೆವಿ ಮೆಟಲ್ ಗಾಯಕ ಆಜಿ ಆಸ್‌ಬೋರ್ನ್ ಸಿಂಹಾಸನದಂಥ ಕಪ್ಪು ಕುರ್ಚಿಯಲ್ಲಿ ಕೂತು ಹಾಡಿದರು. ಪಾರ್ಕಿನ್ಸನ್ಸ್ ಕಾಯಿಲೆ ಇದೆಯೆಂದು 2020ರಲ್ಲೇ ಹೇಳಿದ್ದರು. 2023ರಲ್ಲಿ ಪ್ರವಾಸ ಇನ್ನು ಆಗದು ಎಂದೂ ಹೇಳಿದ್ದರು. ಆ ಸಂಜೆಗೆ ಮೊದಲು ‘ಈ ಸ್ಥಿತಿಯಲ್ಲಿ ಯಾಕೆ ಎಳೆದು ತರುತ್ತಾರೆ’ ಎಂದು ಕೋಪ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಎದ್ದು ನಿಲ್ಲಲು ಅವರ ಕೈಯಲ್ಲಿ ಆಗಲಿಲ್ಲ, ದನಿ ಅಲ್ಲಲ್ಲಿ ಒಡೆಯಿತು. ಹದಿನೇಳು ದಿನಕ್ಕೆ, ಜುಲೈ 22ರಂದು, ತೀರಿಕೊಂಡರು. 76 ವರ್ಷ. ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಆಜಿಯವರ ಸಾವನ್ನು ತಂದು ಈ ಜಗಳದಲ್ಲಿ ಗುರಾಣಿಯಂತೆ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ‘ನೋಡಿ, ನಾಳೆ ಇವರೂ ಇರುವುದಿಲ್ಲ, ಸುಮ್ಮನೆ ಚಪ್ಪಾಳೆ ತಟ್ಟಿ’ ಎಂದು ಅಕ್ಕ ಹೇಳಿದಾಗ ನನಗೆ ಸಿಟ್ಟು ಬಂತು. ಅರವತ್ನಾಲ್ಕು ಸಾಯುವ ವಯಸ್ಸಾ? ಜಾನ್ ಗಟ್ಟಿಯಾಗಿದ್ದಾರೆ, ಗಂಟಲು ಮಾತ್ರ ದುರಸ್ತಿಯಾಗಿದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಯಾರಿಗೂ ಮೋಸ ಆದ ಹಾಗೆ ಅನ್ನಿಸಲಿಲ್ಲ, ಯಾಕೆಂದರೆ ಎಲ್ಲವನ್ನೂ ಮೊದಲೇ ಹೇಳಿದ್ದರು. ಕಾಯಿಲೆ ಏನು, ಇದೇ ಕೊನೆಯ ಕಾರ್ಯಕ್ರಮ, ದುಡ್ಡು ಯಾರಿಗೆ ಹೋಗುತ್ತದೆ, ಎಲ್ಲ. ಕಾಯಿಲೆಯ ಸಂಶೋಧನೆಗೂ ಮಕ್ಕಳ ಆಸ್ಪತ್ರೆಗೂ ಸಹಾಯವಾಗುವ ಕಾರ್ಯಕ್ರಮ ಅದು. ಜನ ಬಂದದ್ದು ಸ್ವರ ಎಣಿಸುವುದಕ್ಕಲ್ಲ.

ಹಾಗಾಗಿ ಟಿಕೆಟ್ ಮಾರುವ ಸಂಘಟಕರಿಗೂ ಈ ಪತ್ರದಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಏನು ಮಾರುತ್ತಿದ್ದೀರಿ ಎಂದು ಬರೆಯಿರಿ. ‘ದನಿಗಳೆಲ್ಲ ವೇದಿಕೆಯ ಮೇಲಿನವೇ, ಹಾಡುಗಳ ಶ್ರುತಿ ಬದಲಾಗಿದೆ’ ಎಂದು ಒಂದು ಸಾಲು ಸಾಕು. 2016ರಲ್ಲಿ ಕಿವಿಯ ತೊಂದರೆಯಿಂದ ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯನ್ ಜಾನ್ಸನ್ ಪ್ರವಾಸ ನಿಲ್ಲಿಸಬೇಕಾಯಿತು. ಅವರ ಜಾಗಕ್ಕೆ ಬೇರೆ ಬ್ಯಾಂಡಿನ ಗಾಯಕ ಆ್ಯಕ್ಸಲ್ ರೋಸ್ ಬಂದರು, ಅದೂ ಕಾಲು ಮುರಿದುಕೊಂಡು ಕುರ್ಚಿಯಲ್ಲಿ. ಬೆಲ್ಜಿಯಂನಲ್ಲಿ ಬೇಡವೆಂದವರಿಗೆ ಹಣ ವಾಪಸ್ ಕೊಡುತ್ತೇವೆ ಎಂದರು, ಸಾವಿರಾರು ಜನ ಟಿಕೆಟ್ ಹಿಂತಿರುಗಿಸಿದರು. ಉಳಿದವರು ಹೋಗಿ ನೋಡಿದರು, ಬಹಳ ಜನ ಖುಷಿಪಟ್ಟರು. ಯಾರೂ ಯಾರನ್ನೂ ದೂರಬೇಕಾಗಲಿಲ್ಲ. (ಜಾನ್ಸನ್ ಕೂಡ ಆಮೇಲೆ ವಾಪಸ್ ಬಂದರು, 2020ರ ಆಲ್ಬಂನಲ್ಲಿ ಅವರದೇ ದನಿ. ರಾಕ್‌ನಲ್ಲಿ ಹೋದವರು ಹೋದರು ಎಂದು ಲೆಕ್ಕ ಹಾಕುವ ಹಾಗಿಲ್ಲ. ಮತ್ತೆ ಪ್ರವಾಸ ಮಾಡುವುದಿಲ್ಲ ಎಂದು 2014ರಲ್ಲಿ ಕರಾರು ಪತ್ರಕ್ಕೇ ಸಹಿ ಹಾಕಿದ್ದ ಮಾಟ್ಲಿ ಕ್ರೂ ಬ್ಯಾಂಡು 2019ರಲ್ಲಿ ಅದನ್ನು ಸ್ಫೋಟಿಸಿ ವಾಪಸ್ ಬಂತು!)

ದುಡ್ಡಿನ ಮಾತನ್ನು ಕೀಳು ಎಂದುಕೊಳ್ಳಬೇಡಿ. 2022ರಲ್ಲಿ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಕೆಲವು ಟಿಕೆಟ್‌ಗಳ ಬೆಲೆ ಬೇಡಿಕೆ ನೋಡಿ ಏರುತ್ತಾ 5,000 ಡಾಲರ್‌ವರೆಗೆ ಹೋಯಿತು. 1980ರಿಂದ ಅವರ ಅಭಿಮಾನಿಗಳಿಗಾಗಿಯೇ ನಡೆಯುತ್ತಿದ್ದ ‘ಬ್ಯಾಕ್‌ಸ್ಟ್ರೀಟ್ಸ್’ ಪತ್ರಿಕೆ ಆ ಬೇಸರದಲ್ಲೇ 2023ರಲ್ಲಿ ಬಾಗಿಲು ಹಾಕಿತು. 43 ವರ್ಷದ ಪ್ರೀತಿ. ಸ್ಪ್ರಿಂಗ್‌ಸ್ಟೀನ್ ಹಾಡಿದ್ದರಲ್ಲಿ ಅವರಿಗೆ ತಕರಾರು ಇರಲಿಲ್ಲ. ವಯಸ್ಸಾದ ಗಾಯಕರ ಅಭಿಮಾನಿಗಳಿಗೂ ವಯಸ್ಸಾಗಿರುತ್ತದೆ, ಅವರ ಕೈಯಲ್ಲಿ ಈಗ ನಾಲ್ಕು ಕಾಸು ಇರುತ್ತದೆ ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತು. ಅಷ್ಟು ಕೊಟ್ಟವನು ‘ಚೆನ್ನಾಗಿರಲಿಲ್ಲ’ ಎಂದರೆ ಅವನನ್ನು ದ್ರೋಹಿ ಎನ್ನಬೇಡಿ.

ಮತ್ತೆ ಜಾನ್ ಕಡೆಗೆ. ಆಪರೇಷನ್ ಆದ ಮೇಲೆ ದೊಡ್ಡ ವೇದಿಕೆಯೊಂದಕ್ಕೆ ಬಂದದ್ದು 2024ರ ಫೆಬ್ರುವರಿಯಲ್ಲಿ, ಲಾಸ್ ಏಂಜಲಿಸ್‌ನಲ್ಲಿ ಸಂಗೀತಗಾರರಿಗೆ ನೆರವಾಗುವ ಮ್ಯೂಸಿಕೇರ್ಸ್ ಸಂಸ್ಥೆಯ ಸಮಾರಂಭದಲ್ಲಿ. ಪಕ್ಕದಲ್ಲಿ ಸ್ಪ್ರಿಂಗ್‌ಸ್ಟೀನ್ ನಿಂತು ಹಾಡಿದರು, ಸ್ಪ್ರಿಂಗ್‌ಸ್ಟೀನ್ ಅವರ ತಾಯಿ ತೀರಿಕೊಂಡು ಎರಡು ದಿನವಷ್ಟೇ ಆಗಿತ್ತು. ಜೂನ್‌ನಲ್ಲಿ ‘ಫಾರೆವರ್’ ಆಲ್ಬಂ ಬಂತು. ಪ್ರವಾಸ ಮಾತ್ರ ಮಾಡಲಿಲ್ಲ, ಗಂಟಲು ಪೂರ್ತಿ ಒಪ್ಪುವವರೆಗೆ ಇಲ್ಲ ಎಂದರು. ಆ ಆಲ್ಬಂ ಕೇಳಿದ್ದೀರಲ್ಲ? ದನಿ ತಗ್ಗಿದೆ, ಸ್ವಲ್ಪ ಒರಟಾಗಿದೆ, ಅಲ್ಲಲ್ಲಿ ಉಸಿರು ಕೇಳಿಸುತ್ತದೆ. ನನಗೆ ಅದು ಹಿಡಿಸಿತು. ಕೂಗಿ ಕರೆಯುತ್ತಿದ್ದವನು ಪಕ್ಕದಲ್ಲಿ ಕೂತು ಮಾತಾಡಿದ ಹಾಗಿತ್ತು. ಎಲ್ಲ ಹಾಡೂ ಚೆನ್ನಾಗಿವೆ ಎಂದು ಹೇಳಲಾರೆ, ಎರಡು ಮೂರನ್ನು ನಾನು ದಾಟಿಸಿಬಿಡುತ್ತೇನೆ.

ಅಂದ ಹಾಗೆ, ‘ಕಮ್‌ಬ್ಯಾಕ್’ ಎಂಬ ಪದವನ್ನೇ ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ ನೋಡಿ. 1968ರಲ್ಲಿ ಎಲ್ವಿಸ್ ಪ್ರೆಸ್ಲಿಯ ಟಿವಿ ಕಾರ್ಯಕ್ರಮಕ್ಕೆ ಲೋಕ ಆ ಹೆಸರು ಕೊಟ್ಟಿತು. ಆಗ ಅವರಿಗೆ 33. ಈ ಪತ್ರ ಓದುವ ಬಹಳ ಜನ ಆ ವಯಸ್ಸನ್ನು ದಾಟಿ ಎಷ್ಟೋ ಕಾಲವಾಗಿದೆ, ನಮಗೆ ಯಾರೂ ವಾಪಸ್ ಬನ್ನಿ ಎಂದಿಲ್ಲ.

ಹಾಗಾದರೆ ನಾನು ಮಾಡುವುದು ಇಷ್ಟು. ಹೊಸ ಪ್ರವಾಸದ ಹಾಡುಗಳು ಕೇಳಲು ಸಿಕ್ಕಾಗ 1986ರ ರೆಕಾರ್ಡನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದಿಲ್ಲ. ಒಂದು ಹಾಡು ಚೆನ್ನಾಗಿ ಬಂದರೆ ಚೆನ್ನಾಗಿತ್ತು ಎನ್ನುತ್ತೇನೆ. ಇನ್ನೊಂದು ಕೆಟ್ಟರೆ ಕೆಟ್ಟಿತು ಎನ್ನುತ್ತೇನೆ, ಅಕ್ಕ ಎರಡು ದಿನ ಮಾತು ಬಿಟ್ಟರೂ ಸರಿ. ಆ ದೊಡ್ಡ ಹಾಡನ್ನು ಪಟ್ಟಿಯಿಂದಲೇ ಕೈಬಿಟ್ಟರೂ ನಾನು ಅದರ ಹೆಸರು ಹಿಡಿದು ಕೂಗುವುದಿಲ್ಲ.

ನನ್ನ ಗೆಳೆಯ ಕೂಗುತ್ತಾನೆ. ‘ನಿಲ್ಲಿಸಲಿ’ ಎಂದು ನಾಲ್ಕು ವರ್ಷದಿಂದ ಹೇಳುತ್ತಿರುವವನು ಅವನೇ, ಆದರೂ ಅವನೇ ಎಲ್ಲರಿಗಿಂತ ಜೋರಾಗಿ ಕೂಗುತ್ತಾನೆ. ಅವನ ಬಾಯಿಗೆ ನಾನು ಹೊಣೆಯಲ್ಲ.

ಇಂತಿ,
ಪೆನ್ಸಿಲ್ ಹಿಡಿದು ಟೇಪು ಸುತ್ತುತ್ತಿದ್ದ ನಿಮ್ಮಲ್ಲೊಬ್ಬ